ಹಳೇ ಪಾಲಿಯೋ 1.6: ಪವರ್ ಜಾಸ್ತಿ ಮಾಡಿಸೋಕೆ ಮೊದಲು ಏನು ಮಾಡಿಸಲಿ?

ಪ್ರಶ್ನೆ (ಕುವೆಂಪುನಗರ, ಮೈಸೂರು)
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2002ರ ಫಿಯಟ್ ಪಾಲಿಯೋ 1.6 ಪೆಟ್ರೋಲ್ ಇದೆ. ನಮ್ಮ ಮಾವನವರ ಗಾಡಿ, ಬಾಡಿ ಎಲ್ಲೂ ತುಕ್ಕು ಹಿಡಿದಿಲ್ಲ. 16 ವಾಲ್ವ್‌ನ 100 ಎಚ್‌ಪಿ ಎಂಜಿನ್, ಈಗಲೂ ಎಳೆತ ಚೆನ್ನಾಗಿದೆ. ಫ್ರೀ-ಫ್ಲೋ ಎಕ್ಸಾಸ್ಟ್ (ಹೊಗೆ ಸರಾಗವಾಗಿ ಹೋಗೋ ಸೈಲೆನ್ಸರ್), ಕೋನ್ ಏರ್ ಫಿಲ್ಟರ್, ಆಮೇಲೆ ಇಸಿಯು ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸೋಣ ಅಂತಿದ್ದೇನೆ. ಕೈಯಲ್ಲಿ ಒಂದು ಲಕ್ಷ ಇದೆ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಗಾಡಿ ಹಿಡಿತದಲ್ಲಿರಬೇಕು, ಅದೇ ಆಸೆ. ಯಾವುದರಿಂದ ಶುರು ಮಾಡಲಿ?

ಉತ್ತರ (ಮಂಡ್ಯ)
ಒಳ್ಳೇ ಗಾಡಿ ಸಾರ್, ಯಾರು ಕೇಳಿದರೂ ಕೊಡಬೇಡಿ. ಆದರೆ ಎಂಜಿನ್ ಕೆಲಸ ಕೊನೆಗಿರಲಿ. ಬೆಟ್ಟದ ತಿರುವಲ್ಲಿ ಗಾಡಿ ಹಿಡಿಯೋದು ಟೈರು, ಬುಷ್ (ಸಸ್ಪೆನ್ಷನ್ ಕೀಲುಗಳ ರಬ್ಬರ್), ಬ್ರೇಕು.

ಇವತ್ತೇ ಟೈರಿನ ಪಕ್ಕದಲ್ಲಿ ಡಾಟ್ (DOT) ನಂಬರ್ ಹುಡುಕಿ. ಕೊನೆಯ ನಾಲ್ಕು ಅಂಕಿ 1814 ಅಂತಿದ್ದರೆ 2014ರ 18ನೇ ವಾರದಲ್ಲಿ ತಯಾರಾದದ್ದು. ಗೀರು ಎಷ್ಟೇ ಆಳ ಇರಲಿ, ಅಷ್ಟು ಹಳೇ ರಬ್ಬರ್ ಗಟ್ಟಿಯಾಗಿರುತ್ತೆ, ಮಳೆಯಲ್ಲಿ ಜಾರುತ್ತೆ. ಮುಂದಿನ ಲೋಯರ್ ಆರ್ಮ್ ಬುಷ್, ಶಾಕ್ ಅಬ್ಸಾರ್ಬರ್ ಕೂಡ ನೋಡಿಸಿ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರಿನಂಶ ಹೀರಿಕೊಳ್ಳುತ್ತೆ. ಬೆಟ್ಟ ಇಳಿಯುವಾಗ ಬ್ರೇಕ್ ಒತ್ತುತ್ತಲೇ ಬಂದರೆ ಕಾದು ಕುದಿಯುತ್ತೆ, ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಗುತ್ತೆ. ಹೊಸ ಆಯಿಲ್, ಹೊಸ ರಬ್ಬರ್ ಹೋಸ್, ಒಳ್ಳೇ ಪ್ಯಾಡ್ ಹಾಕಿಸಿ. ಇಳಿಯುವಾಗ ಸೆಕೆಂಡ್ ಗೇರಲ್ಲಿ ಬನ್ನಿ.

ಟೈಮಿಂಗ್ ಬೆಲ್ಟ್ (ಎಂಜಿನ್ ವಾಲ್ವ್ ಸಮಯಕ್ಕೆ ಸರಿಯಾಗಿ ತೆರೆಸಿ ಮುಚ್ಚಿಸೋ ಬೆಲ್ಟ್) ಬದಲಾಯಿಸಿದ ಬಿಲ್ ಇದೆಯಾ? ಇಲ್ಲದಿದ್ದರೆ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಒಟ್ಟಿಗೇ ಹಾಕಿಸಿ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ (ಒಳಗಿನ ಒತ್ತಡ) ಚೆಕ್ ಮಾಡಿಸಿ. ಅದು ಸರಿ ಬರದೆ ರೀಮ್ಯಾಪ್ ಮಾತೇ ಬೇಡ. ಟರ್ಬೋ ಇಲ್ಲದ ಎಂಜಿನ್ನಿಗೆ ರೀಮ್ಯಾಪಿನಿಂದ ಸಿಗೋದೂ ಕಮ್ಮಿನೇ. ಇನ್ನು ಕೋನ್ ಫಿಲ್ಟರ್ ಬಾನೆಟ್ ಒಳಗಿನ ಬಿಸಿ ಗಾಳಿ ಎಳೆಯುತ್ತೆ. ಸದ್ದು ಬರುತ್ತೆ, ಪವರ್ ಬರಲ್ಲ. ಕಂಪನಿಯ ಫಿಲ್ಟರ್ ಬಾಕ್ಸ್ ಬಿಚ್ಚಲೇಬೇಡಿ.

ಉತ್ತರ (ವಿಜಯನಗರ, ಮೈಸೂರು)
ಮೇಲಿನವರು ಹೇಳಿದ್ದು ಸರಿ. ಕಾನೂನೂ ಗಮನದಲ್ಲಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ನಿಮ್ಮದು 2002ರ ರಿಜಿಸ್ಟ್ರೇಷನ್ ಆದರೆ 2027ಕ್ಕೆ ಮತ್ತೆ ಆರ್‌ಸಿ ರಿನೀವಲ್. ಜೋರು ಸದ್ದಿನ ಎಕ್ಸಾಸ್ಟ್ ಹಾಕಿಕೊಂಡು ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆಗೆ) ಹೋಗೋದು ಯಾಕೆ ಅಲ್ವಾ?

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್. ಈಗಷ್ಟೇ ಟೈರ್ ನೋಡಿದೆ, ಮುಂದಿನ ಎರಡೂ 2013ರವು! ಎಕ್ಸಾಸ್ಟ್ ಸದ್ಯಕ್ಕೆ ಬೇಡ. ಟೈರು, ಬ್ರೇಕು, ಬೆಲ್ಟ್ ಈ ತಿಂಗಳೇ ಮಾಡಿಸುತ್ತೇನೆ. ಪಾಲಿಯೋ ಬುಷ್ ಮೈಸೂರಲ್ಲೇ ಸಿಗುತ್ತಾ, ಬೆಂಗಳೂರಿನ ಜೆಸಿ ರಸ್ತೆಗೇ ಹೋಗಬೇಕಾ?