ಪದಚರ್ಚೆ: 'ವಾಕೆಬಲ್' ಊರಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರಿಗೆ ವಿಜಯಪುರದಿಂದ ನಮಸ್ಕಾರ.

ಒಂದು ಪದ ಬೇಕಾಗಿದೆ. ನಮ್ಮ ಓಣಿಯವರೆಲ್ಲ ಸೇರಿ, ಫುಟ್‌ಪಾತ್ ಸರಿಮಾಡಿ ಎಂದು ವಾರ್ಡಿನ ಸಭೆಗೆ ಎರಡು ಪುಟದ ಮನವಿ ಕೊಡುತ್ತಿದ್ದೇವೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ರಸ್ತೆ, ಸಾರಿಗೆ ಯೋಜನೆ ಮಾಡುವವರು 'ವಾಕೆಬಲ್ ಸಿಟಿ' ಅಂತಾರಲ್ವಾ, ಅಂದರೆ ಜನ ಆರಾಮಾಗಿ ನಡೆದು ಓಡಾಡಬಹುದಾದ ಊರು, ಅಲ್ಲಿಗೆ ಬಂದು ನಿಂತುಬಿಟ್ಟಿದ್ದೇನೆ.

ಮೊದಲು 'ನಡೆಯಬಲ್ಲ ನಗರ' ಎಂದು ಬರೆದೆ. ಮರುದಿನ ಓದಿದಾಗ ತಪ್ಪು ಕಾಣಿಸಿತು. 'ಬಲ್ಲ' ಅನ್ನುವುದು ಕೆಲಸ ಮಾಡುವವರಿಗೆ ಸೇರುವ ಮಾತು. ಈಜಬಲ್ಲ ಹುಡುಗ, ಹಾಡಬಲ್ಲ ಹುಡುಗಿ. ಆ ಲೆಕ್ಕದಲ್ಲಿ ನಗರವೇ ಎದ್ದು ನಡೆಯಬೇಕಾಗುತ್ತದೆ. 'ನಡೆದಾಡುವ ನಗರ' ಅಂದರೆ ವ್ಯಾಕರಣಕ್ಕೆ ಸರಿಯೇ. 'ಮಲಗುವ ಕೋಣೆ' ಅಂದಾಗ ಮಲಗುವವರು ನಾವು ಅಂತ ಯಾರಿಗೂ ಹೇಳಬೇಕಾಗಿಲ್ಲ. ಆದರೆ ನಮ್ಮೂರಿನ ಕಿವಿ ಬೇರೆ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರನ್ನು ಜನ 'ನಡೆದಾಡುವ ದೇವರು' ಎಂದೇ ಕರೆಯುತ್ತಿದ್ದರು. ಆ ಮಾತು ಕೇಳಿ ಬೆಳೆದವರಿಗೆ 'ನಡೆದಾಡುವ' ಅಂದ ಕೂಡಲೇ ಮುಂದಿನ ಪದವೇ ನಡೆಯುವಂತೆ ಕೇಳಿಸುತ್ತದೆ.

ಪತ್ರಿಕೆಗಳಲ್ಲಿ 'ಪಾದಚಾರಿಸ್ನೇಹಿ' ಬರುತ್ತದೆ. ಅರ್ಥವಾಗುತ್ತದೆ, ಒಪ್ಪುತ್ತೇನೆ. ಪರಿಸರಸ್ನೇಹಿ, ಜನಸ್ನೇಹಿ, ರೈತಸ್ನೇಹಿ ಎಂದು ಎಲ್ಲದಕ್ಕೂ ಹಚ್ಚಿ ಹಚ್ಚಿ ಆ 'ಸ್ನೇಹಿ' ಸವೆದುಹೋಗಿದೆ. ಇನ್ನು 'ನಾನು ಪಾದಚಾರಿ' ಎಂದು ಹೇಳಿಕೊಂಡವರನ್ನು ನಾನು ಕಂಡಿಲ್ಲ. ಅಪಘಾತದ ಸುದ್ದಿಯಲ್ಲೇ ಆ ಪದ ಜಾಸ್ತಿ. ಯುಗಾದಿ ಮುಂದೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ಸಾವಿರಾರು ಜನ ನಡೆದೇ ಹೋಗುತ್ತಾರೆ. ಅವರಿಗೂ ನಾವು ಪಾದಯಾತ್ರಿಗಳು ಅಂತೀವಿ, ಪಾದಚಾರಿಗಳು ಅನ್ನುವುದಿಲ್ಲ. 'ವಾಕಿಂಗ್' ಅಂತೂ ಬೆಳಿಗ್ಗೆ ಶೂ ಹಾಕಿಕೊಂಡು ಮೈದಾನ ಸುತ್ತುವುದಕ್ಕೇ ಮೀಸಲಾಗಿದೆ. ಕಾಯಿಪಲ್ಲೆ ತರಲು ಚೀಲ ಹಿಡಿದು ನಡೆದರೆ ಅದು ವಾಕಿಂಗ್ ಅಲ್ಲ. ನಮ್ಮ ಮನವಿ ಇರುವುದು ಆ ಚೀಲ ಹಿಡಿದವರ ಬಗ್ಗೆ.

ಕೊನೆಗೆ ಪದ ಸಿಕ್ಕಿದ್ದು ಅವ್ವನ ಬಾಯಲ್ಲಿ. ಹೋದ ವಾರ ಅವಳ ಜೊತೆ ಗಾಂಧಿ ಚೌಕದ ಕಡೆ ಹೊರಟಿದ್ದೆ. ಅವಳಿಗೆ ಮೊಣಕಾಲು ನೋವು. ದಾರಿಯಲ್ಲಿ ಒಂದು ಕಡೆ ಫುಟ್‌ಪಾತ್ ಬಹಳ ಎತ್ತರ. ನನ್ನ ಭುಜ ಹಿಡಿದು ಒಂದು ಕಾಲು ಮೇಲಿಟ್ಟಳು, ಇನ್ನೊಂದನ್ನು ಎತ್ತಲು ಆಗಲಿಲ್ಲ. ಇಳಿದು ಬೈಕುಗಳ ನಡುವೆಯೇ ನಡೆದಳು, ಸೆರಗು ಮುದ್ದೆ ಮಾಡಿ ಹಿಡಿದುಕೊಂಡು. ಮುಂದೆ ಹೊಸದಾಗಿ ಕಲ್ಲು ಹಾಸಿದ ತುಣುಕು ಬಂತು. ಅಲ್ಲಿ ನನ್ನ ಕೈ ಬಿಟ್ಟಳು. "ಇಲ್ಲಿ ನೋಡಪಾ, ಅಡ್ಡಾಡ್ಲಾಕ ಹಸನ ಐತಿ" ಅಂದಳು.

ಹಸನ! ನಮ್ಮಲ್ಲಿ ಹೊಲ ಹಸನು ಮಾಡುತ್ತಾರೆ, ಅಂದರೆ ಕಲ್ಲು, ಕಸ, ಕೂಳೆ ತೆಗೆದು ಬಿತ್ತಲು ಅಣಿ ಮಾಡುವುದು. ಜೋಳ ಹಸನು ಮಾಡುತ್ತಾರೆ, ಅಂದರೆ ಮೊರದಲ್ಲಿ ಕೇರಿ ಹರಳು ಆರಿಸುವುದು. ಅಡ್ಡ ಬರುವುದನ್ನು ತೆಗೆದರೆ ಹಸನು. ಫುಟ್‌ಪಾತಿಗೆ ಬೇಕಾದದ್ದೂ ಅದೇ ತಾನೇ? ರಸ್ತೆಗಳು ಹೇಗಿರಬೇಕು ಎಂದು ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ನೋಡಿ. ಕನಿಷ್ಠ 1.8 ಮೀಟರ್ ಅಗಲದಲ್ಲಿ ಕಂಬ, ಗಿಡ, ಬೋರ್ಡು ಏನೂ ಅಡ್ಡ ಇರಬಾರದು. ಅಂಚಿನ ಎತ್ತರ 150 ಮಿಲಿಮೀಟರ್ ದಾಟಬಾರದು. ಒಂದು ಗೇಣಿಗಿಂತ ಕಡಿಮೆಯೇ ಆಯಿತು. ಅವ್ವ ಒಂದೇ ಪದದಲ್ಲಿ ಹೇಳಿದ್ದು ಇಷ್ಟನ್ನೂ. 'ಸ್ನೇಹಿ' ಅಂದರೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ, 'ಹಸನು' ಅಂದರೆ ತಿಳಿಯುತ್ತದೆ.

'ಅಡ್ಡಾಡು' ಬಗ್ಗೆ ಮಾತ್ರ ಅಳುಕಿದೆ. ನಮಗೆ ಅದು ದಿನದ ಮಾತು. ಕಾಯಿಲೆ ಬಿದ್ದವನು ಚೇತರಿಸಿಕೊಂಡರೆ "ಎದ್ದು ಅಡ್ಡಾಡ್ಲಾಕತ್ತಾನ" ಅಂತೀವಿ. ಮೈಸೂರು ಕಡೆಯ ಗೆಳೆಯರೊಬ್ಬರು ಮಾತ್ರ, ಅದು ಕೆಲಸವಿಲ್ಲದೆ ಸುಮ್ನೆ ತಿರುಗುವ ಹಾಗೆ ಕೇಳಿಸುತ್ತದೆ ಎಂದರು. ಅದಕ್ಕಿಂತ ದೊಡ್ಡ ತೊಡಕು ನಮ್ಮಲ್ಲೇ ಇದೆ. ನಮ್ಮ ಕಡೆ ಬಸ್ಸು, ಗಾಡಿಗಳೂ ಅಡ್ಡಾಡುತ್ತವೆ. 'ಅಡ್ಡಾಡಲು ಹಸನಾದ ರಸ್ತೆ' ಎಂದು ಓದಿದವರು ಡಾಂಬರು ಹಾಕಿಸಿ ಸುಮ್ಮನಾದರೆ ಕಷ್ಟ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ವಾಹನಗಳಿಗಿಂತ ಜನರ ಓಡಾಟ ಮುಖ್ಯ ಅನ್ನುತ್ತದೆ. ನಮ್ಮ ಪದದಿಂದ ಅದು ತಿರುವು ಮುರುವು ಆಗಬಾರದು.

ಹಾಗಾಗಿ ಸದ್ಯಕ್ಕೆ 'ಕಾಲ್ನಡಿಗೆಗೆ ಹಸನಾದ ಬೀದಿ' ಎಂದು ಬರೆದಿಟ್ಟಿದ್ದೇನೆ. 'ವಾಕೆಬಿಲಿಟಿ'ಗೆ ಬೇರೆ ಪದ ಕಟ್ಟುವ ಗೋಜಿಗೆ ಹೋಗಿಲ್ಲ. 'ಈ ಬೀದಿ ನಡೆಯಲು ಎಷ್ಟು ಹಸನಾಗಿದೆ?' ಎಂದು ಕೇಳಿದರೆ ಸಾಕು ಅನಿಸುತ್ತದೆ.

ಶಿವಮೊಗ್ಗ, ಮಂಗಳೂರು, ಚಾಮರಾಜನಗರದ ಕಡೆಯವರು ಹೇಳಿ. 'ಬದುಕು ಹಸನಾಗಲಿ' ಎಂಬುದನ್ನು ಬಿಟ್ಟರೆ 'ಹಸನು' ನಿಮ್ಮ ಮನೆಮಾತಿನಲ್ಲಿ ಇದೆಯಾ? ದಾರಿಗೆ ಆ ಮಾತು ಹೇಳುತ್ತೀರಾ? ಅಥವಾ ನಿಮ್ಮ ಅವ್ವ, ಅಜ್ಜಿ ಆರಾಮಾಗಿ ನಡೆಯಬಹುದಾದ ದಾರಿಗೆ ಬೇರೆ ಏನಾದರೂ ಅಂತಾರಾ? ಭಾನುವಾರ ಸಂಜೆ ಓಣಿಯವರ ಸಹಿ ಹಾಕಿಸಬೇಕು, ಅಷ್ಟರೊಳಗೆ ತಿಳಿಸಿದರೆ ತಿದ್ದಿಕೊಳ್ಳುತ್ತೇನೆ.