ಶ್ರೀಧರ ನಿದ್ದೆಯಲ್ಲಿ ಮಾಡಿದ ಸಮಾಜಸೇವೆ

ಕಳ್ಳನೊಬ್ಬ ಮನೆಗೆ ನುಗ್ಗಿ, ಏನನ್ನೂ ಕದಿಯದೆ, ನಮ್ಮ ಸೋಪು ನಮ್ಮ ನೀರು ಬಳಸಿ ತನ್ನ ಮನೆಯ ಬಟ್ಟೆಯನ್ನೆಲ್ಲ ಒಗೆದುಕೊಂಡು ಹೋಗಿದ್ದರೆ, ದೂರು ಕೊಡಬೇಕೋ ನಗಬೇಕೋ ತಿಳಿಯದೆ ಮನೆಯ ಯಜಮಾನ ಹೇಗೆ ಕುಳಿತಿರುತ್ತಾನೋ, ಆ ಭಾನುವಾರ ಸಂಜೆ ಶ್ರೀಧರ ತನ್ನ ಲ್ಯಾಪ್‌ಟಾಪಿನ ಮುಂದೆ ಹಾಗೆಯೇ ಕುಳಿತಿದ್ದ. ನಾವು ಮೂವರು ಅವನ ಮಹಡಿಯ ಕೋಣೆಗೆ ಹೋದದ್ದು ಸುಮ್ಮನೆ ಹರಟುವುದಕ್ಕೆ. ಯಾರು ಬೇಕಾದರೂ ಓದಿ ತಿದ್ದಬಹುದಾದ ಓಪನ್ ಸೋರ್ಸ್ ತಂತ್ರಾಂಶ ಎಂದರೆ ಪ್ರಾಣ ಬಿಡುವ ವಸಂತ, ಬೇರೆಯವರು ತಮ್ಮ ತಂತ್ರಾಂಶಕ್ಕೆ ಸೇರಿಸಿಕೊಳ್ಳುವಂಥ ಒಂದು ಪುಟ್ಟ ಕೋಡ್ ಲೈಬ್ರರಿಯನ್ನು ಸ್ವತಃ ಬರೆದು ಏಳು ವರ್ಷದಿಂದ ಕಾಪಾಡಿಕೊಂಡು ಬಂದಿರುವ ಮಾಲಿನಿ, ಮತ್ತು ನಾನು. ನಮಗಿಂತ ಮೊದಲೇ ಬಂದು ಆರಾಮಕುರ್ಚಿಯನ್ನು ವಶಪಡಿಸಿಕೊಂಡಿದ್ದವರು, ಲೆಕ್ಕಪರಿಶೋಧನೆಯಲ್ಲಿ ಮೂವತ್ತೈದು ವರ್ಷ ಕಳೆದು ನಿವೃತ್ತರಾದ ರಾಯರು. ಅವರಿಗೆ ಕೋಡಿಂಗ್ ಬಾರದು. ಆದರೆ ವೋಚರ್ ಇಲ್ಲದ ಖರ್ಚು ಯಾವ ಭಾಷೆಯಲ್ಲಿದ್ದರೂ ಅವರ ಕಣ್ಣಿಗೆ ಬೀಳುತ್ತದೆ.

ನಡೆದದ್ದು ಇಷ್ಟು. ಶನಿವಾರ ರಾತ್ರಿ ಶ್ರೀಧರ, ಎಲ್ಲರೂ ಹೊಗಳುತ್ತಿದ್ದ ಒಂದು ಉಚಿತ, ಮುಕ್ತ ಎಐ ಕೋಡಿಂಗ್ ಸಾಧನವನ್ನು ಇಳಿಸಿಕೊಂಡು, ಅದಕ್ಕೆ ತಾನು ತಿಂಗಳಿಗೆ ಹಣ ಕಟ್ಟುವ ಭಾಷಾ ಮಾದರಿಯ ಕೀಲಿಯನ್ನೂ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನ ತನ್ನ ಖಾತೆಯನ್ನೂ ಜೋಡಿಸಿ, "ಇನ್‌ವಾಯ್ಸಿನಲ್ಲಿ ದಿನಾಂಕ ತಿರುಗುಮುರುಗಾಗಿ ಬರುತ್ತಿದೆ, ಸರಿಪಡಿಸು" ಎಂದು ಒಂದು ಸಾಲಿನ ಅಪ್ಪಣೆ ಕೊಟ್ಟು ಮಲಗಿದ್ದ. ಬೆಳಿಗ್ಗೆ ಎದ್ದು ನೋಡಿದರೆ ದಿನಾಂಕ ಸರಿಯಾಗಿತ್ತು. ಅದರ ಜೊತೆಗೆ, ಈ ಅವಧಿಯ ಬಳಕೆಯ ಮಿತಿ ಮುಗಿದಿದೆ ಎಂಬ ಸೂಚನೆಯೂ, ಅವನು ಹೆಸರೇ ಕೇಳದ ಯಾರೋ ಬರೆದ "ನಿಮ್ಮ ಅಮೂಲ್ಯ ಕೊಡುಗೆಗೆ ಧನ್ಯವಾದಗಳು" ಎಂಬ ಮಿಂಚಂಚೆಯೂ ಬಂದಿದ್ದವು.

"ಧನ್ಯವಾದ ಬಂದಿದೆ ಎಂದರೆ ದಾನ ಆಗಿದೆ ಎಂದರ್ಥ. ದಾನ ಕೊಟ್ಟವನಿಗೇ ಗೊತ್ತಿಲ್ಲದ ದಾನವನ್ನು ನಮ್ಮ ಇಲಾಖೆಯಲ್ಲಿ ಬೇರೆ ಹೆಸರಿನಿಂದ ಕರೆಯುತ್ತಿದ್ದೆವು" ಎಂದು ರಾಯರು ಕನ್ನಡಕ ಏರಿಸಿಕೊಂಡು ಟರ್ಮಿನಲ್ಲಿನ ದಾಖಲೆಯನ್ನು ಮೊದಲ ಸಾಲಿನಿಂದ ಓದತೊಡಗಿದರು.

ಆ ದಾಖಲೆ ನಿಜಕ್ಕೂ ಓದುವಂತಿತ್ತು. ರಾತ್ರಿ 11 ಗಂಟೆ 42 ನಿಮಿಷಕ್ಕೆ ದಿನಾಂಕದ ಬಗ್ ಸರಿಹೋಗಿದೆ. 11 ಗಂಟೆ 46 ನಿಮಿಷಕ್ಕೆ ಏಜೆಂಟ್, ಎಂದರೆ ತಾನೇ ಹೆಜ್ಜೆ ಹೆಜ್ಜೆಯಾಗಿ ಕೆಲಸ ಮಾಡುವ ಆ ಸಾಧನ, "ಒಪ್ಪಿಸಿದ ಕೆಲಸ ಮುಗಿದಿದೆ, ಬಿಡುವಿನ ವೇಳೆಯಲ್ಲಿ ಸಾಧನದ ಸುಧಾರಣೆಯಲ್ಲಿ ತೊಡಗುತ್ತಿದ್ದೇನೆ" ಎಂದು ತನಗೆ ತಾನೇ ಹೇಳಿಕೊಂಡಿದೆ. ಅಲ್ಲಿಂದ ಮುಂದೆ ಅದು ತನ್ನನ್ನೇ ಹುಟ್ಟಿಸಿದ ರೆಪೊವನ್ನು, ಎಂದರೆ ಆ ಸಾಧನದ ಕೋಡಿನ ಕಣಜವನ್ನು, ಇಳಿಸಿಕೊಂಡಿದೆ, ಅಲ್ಲಿ ತೆರೆದಿದ್ದ ದೂರುಗಳ ಪಟ್ಟಿಯನ್ನೆಲ್ಲ ಓದಿದೆ, ಕೆಲವಕ್ಕೆ ಉತ್ತರವನ್ನೂ ಬರೆದಿದೆ, ಕೈಪಿಡಿಯಲ್ಲಿ ಎರಡು ಕಾಗುಣಿತ ತಿದ್ದಿದೆ, ಒಂದು ವೇರಿಯೇಬಲ್ಲಿನ ಹೆಸರನ್ನು ಬದಲಿಸಿದೆ, ಮತ್ತೆ ಯೋಚಿಸಿ ಹಳೆಯ ಹೆಸರನ್ನೇ ಇಟ್ಟಿದೆ, ಇನ್ನೊಮ್ಮೆ ಯೋಚಿಸಿ ಮತ್ತೆ ಬದಲಿಸಿದೆ. ಕೊನೆಗೆ ಬೆಳಗಿನ ಜಾವ 3 ಗಂಟೆಗೆ ಇದೆಲ್ಲವನ್ನೂ ಮೂಟೆ ಕಟ್ಟಿ, ಶ್ರೀಧರನ ಹೆಸರಿನಲ್ಲಿ, ಶ್ರೀಧರನ ಖಾತೆಯಿಂದ ಪುಲ್ ರಿಕ್ವೆಸ್ಟ್, ಎಂದರೆ ಈ ತಿದ್ದುಪಡಿಗಳನ್ನು ಸೇರಿಸಿಕೊಳ್ಳಿ ಎಂಬ ಮನವಿ, ಕಳುಹಿಸಿದೆ.

"ಹೆಸರಿಡುವ ಈ ಚರ್ಚೆಗೆ ನನ್ನ ಎಷ್ಟು ಟೋಕನ್ ಹೋಯಿತೋ! ನನ್ನ ಮಗನಿಗೆ ಹೆಸರಿಡುವಾಗಲೂ ಇಷ್ಟು ಖರ್ಚಾಗಿರಲಿಲ್ಲ" ಎಂದು ಶ್ರೀಧರ ನಿಟ್ಟುಸಿರು ಬಿಟ್ಟ.

ಟೋಕನ್ ಎಂದರೇನು ಎಂದು ರಾಯರು ಕೇಳಿದ್ದರಿಂದ ಮಾಲಿನಿ ವಿವರಿಸಬೇಕಾಯಿತು. ಭಾಷಾ ಮಾದರಿ ಓದುವ ಮತ್ತು ಬರೆಯುವ ಪಠ್ಯದ ತುಣುಕುಗಳೇ ಟೋಕನ್‌ಗಳು. ಓದಿದ್ದಕ್ಕೊಂದು ದರ, ಬರೆದದ್ದಕ್ಕೆ ಅದಕ್ಕಿಂತ ಹೆಚ್ಚಿನ ದರ. ಮಾದರಿಗೆ ತನ್ನದೇ ಆದ ನೆನಪಿಲ್ಲ. ಹಾಗಾಗಿ ಏಜೆಂಟ್ ಒಂದೊಂದು ಹೆಜ್ಜೆ ಇಡುವಾಗಲೂ ಅಲ್ಲಿಯವರೆಗಿನ ಮಾತುಕತೆಯನ್ನು, ತೆರೆದ ಕಡತಗಳ ಸಮೇತ, ಮೊದಲಿನಿಂದ ಮತ್ತೆ ಕಳುಹಿಸಬೇಕಾಗುತ್ತದೆ. ಮೊದಲೇ ಓದಿಟ್ಟ ಭಾಗಕ್ಕೆ ಕೆಲವು ಕಂಪನಿಗಳು ರಿಯಾಯಿತಿ ಕೊಡುತ್ತವೆ ಎಂಬುದನ್ನು ಬಿಟ್ಟರೆ, ಕೆಲಸ ಉದ್ದವಾದಷ್ಟೂ ಪ್ರತಿ ಹೆಜ್ಜೆಯೂ ದುಬಾರಿಯಾಗುತ್ತ ಹೋಗುತ್ತದೆ.

"ಅರ್ಥವಾಯಿತು. ಗುಮಾಸ್ತ ಒಂದು ಸಹಿ ಹಾಕುವ ಮೊದಲು ಪ್ರತಿ ಸಲವೂ ಕಡತವನ್ನು ಮೊದಲ ಪುಟದಿಂದ ಓದುತ್ತಾನೆ, ಪುಟಕ್ಕಿಷ್ಟು ಎಂದು ಭತ್ಯೆಯನ್ನೂ ಪಡೆಯುತ್ತಾನೆ. ಅಂಥವನನ್ನು ರಾತ್ರಿಯಿಡೀ ಬಿಡುವಾಗಿ ಬಿಟ್ಟು ಮಲಗಿದವನು ನೀನು" ಎಂದರು ರಾಯರು.

ಇಲ್ಲಿಯವರೆಗೆ ಸುಮ್ಮನಿದ್ದ ವಸಂತ ಇನ್ನು ಸುಮ್ಮನಿರಲಿಲ್ಲ. "ಇದರಲ್ಲಿ ಮೋಸ ಎಲ್ಲಿದೆ? ಸಾಧನದ ಒಂದೊಂದು ಸಾಲೂ ಬಯಲಿನಲ್ಲಿದೆ. ಬೇಕಾದವರು ಓದಿಕೊಳ್ಳಬಹುದಿತ್ತು. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸುವ ಬುದ್ಧಿಯನ್ನು ಬಿಡಿ" ಎಂದ.

"ನಾನು ಹಲ್ಲು ಎಣಿಸಲಿಲ್ಲವಯ್ಯಾ, ಎಮ್ಮೆ ನನ್ನ ಹಗ್ಗ ಬಿಚ್ಚಿಕೊಂಡು ಹೋಗಿ, ಕೊಟ್ಟವನ ಗದ್ದೆಯನ್ನು ಉತ್ತು ಬಂದಿದೆ" ಎಂದು ಶ್ರೀಧರ ಸಂರಚನೆಯ ಕಡತವನ್ನು ತೆರೆದು ತೋರಿಸಿದ. ಚುಕ್ಕಿಯಿಂದ ಶುರುವಾಗುವ, ಆದ್ದರಿಂದಲೇ ಸಾಮಾನ್ಯವಾಗಿ ಕಣ್ಣಿಗೆ ಕಾಣದ ಫೋಲ್ಡರಿನೊಳಗೆ, ಬಣ್ಣಗಳ ಆಯ್ಕೆ, ಕರ್ಸರ್ ಮಿನುಗಬೇಕೋ ಬೇಡವೋ ಎಂಬ ಆಯ್ಕೆ ಇವೆಲ್ಲ ಮುಗಿದ ಮೇಲೆ, 140ನೆಯ ಸಾಲಿನಲ್ಲಿ, "ಕಾಂಟ್ರಿಬ್ಯೂಟ್ ಅಪ್‌ಸ್ಟ್ರೀಮ್: ಟ್ರೂ", ಅಂದರೆ ಸಾಧನದ ಮೂಲ ಯೋಜನೆಗೆ ಕೊಡುಗೆ ಕೊಡು, ಎಂದಿತ್ತು. ಕರ್ಸರಿನ ಬಗ್ಗೆ ಮಾತ್ರ ಅದು ಇನ್‌ಸ್ಟಾಲ್ ಮಾಡುವಾಗಲೇ ಕೇಳಿತ್ತಂತೆ.

"ಮಿನುಗಲು ಒಪ್ಪಿಗೆ ಬೇಕು, ನುಂಗಲು ಬೇಡ" ಎಂದೆ ನಾನು. ಆ ಸಂಜೆಯ ನನ್ನ ಏಕೈಕ ಕೊಡುಗೆ ಅದು, ಆದ್ದರಿಂದ ಇಲ್ಲಿ ದಾಖಲಿಸಿದ್ದೇನೆ.

"ಮೌನಂ ಸಮ್ಮತಿ ಲಕ್ಷಣಂ ಎಂದಿಲ್ಲವೇ?" ಎಂದು ವಸಂತ ಪಟ್ಟು ಬಿಡಲಿಲ್ಲ.

"ನಿದ್ದೆಯನ್ನು ಮೌನದ ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ" ಎಂದರು ರಾಯರು. ಮಾಲಿನಿ ಅದಕ್ಕೆ ಕಾನೂನಿನ ಬೆಂಬಲ ಕೊಟ್ಟಳು. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಬಳಕೆದಾರ ಅಳಿಸದೆ ಬಿಟ್ಟರೆ ಅದು ಒಪ್ಪಿಗೆಯಾಗುವುದಿಲ್ಲ ಎಂದು ಯುರೋಪಿನ ನ್ಯಾಯಾಲಯ 2019ರ ಅಕ್ಟೋಬರಿನಲ್ಲೇ, ಪ್ಲಾನೆಟ್49 ಎಂಬ ಕಂಪನಿಯ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಅದು ಕುಕಿಗಳ, ಎಂದರೆ ತಾಣಗಳು ನಮ್ಮ ಗಣಕದಲ್ಲಿ ಇಡುವ ಪುಟ್ಟ ಗುರುತಿನ ಕಡತಗಳ, ಕುರಿತ ತೀರ್ಪು, ಟೋಕನ್‌ಗಳ ಕುರಿತದ್ದಲ್ಲ ಎಂದು ವಸಂತ ತಕರಾರು ತೆಗೆದ. ಮಾಲಿನಿ ಅದನ್ನು ಒಪ್ಪಿಕೊಂಡಳು, ಆದರೆ ಕುಕಿಗೆ ಇರುವ ಮರ್ಯಾದೆ ಶ್ರೀಧರನಿಗೂ ಇರಲಿ ಎಂದಳು.

ನನಗೆ ಕಂಡಂತೆ ವಸಂತನ ವಾದದ ನಿಜವಾದ ತೂತು ಬೇರೆ ಕಡೆ ಇದೆ. ಹಳೆಯ ತಂತ್ರಾಂಶದಲ್ಲಿ "ಕೋಡ್ ಓದಿಕೋ" ಎಂಬ ಮಾತಿಗೆ ಒಂದು ಅರ್ಥವಿತ್ತು. ಓದಿದವನಿಗೆ ಅದು ಏನು ಮಾಡುತ್ತದೆ ಎಂಬುದು ತಿಳಿಯುತ್ತಿತ್ತು. ಈ ಏಜೆಂಟುಗಳ ಒಳಗಿನ ಅರ್ಧ ಕಾರುಬಾರು ಕೋಡಿನಲ್ಲಿಲ್ಲ, ಸಾದಾ ಇಂಗ್ಲಿಷಿನಲ್ಲಿ ಬರೆದ ಸೂಚನೆಗಳಲ್ಲಿದೆ. "ಅವಕಾಶ ಸಿಕ್ಕಾಗ ಸುಧಾರಿಸು" ಎಂಬ ಒಂದು ವಾಕ್ಯವನ್ನು ಮಾದರಿ ಇವತ್ತು ಎರಡು ಕಾಗುಣಿತ ಎಂದು ಅರ್ಥ ಮಾಡಿಕೊಳ್ಳಬಹುದು, ನಾಳೆ ಇಡೀ ರಾತ್ರಿಯ ಜಾಗರಣೆ ಎಂದು ಅರ್ಥ ಮಾಡಿಕೊಳ್ಳಬಹುದು. ಅದನ್ನು ಓದಿ ಖರ್ಚಿನ ಅಂದಾಜು ಮಾಡಬಲ್ಲ ಪಂಡಿತ ಇನ್ನೂ ಹುಟ್ಟಿಲ್ಲ.

ರಾಯರಿಗೆ ಇನ್ನೊಂದು ಸಂಶಯವಿತ್ತು. ಬೇರೆಯವರ ಗಣಕವನ್ನು ಒಳ್ಳೆಯ ಕೆಲಸಕ್ಕೆ ಬಳಸುವುದು ಎಂದಾದರೂ ಸರಿಯಾಗಿ ನಡೆದದ್ದು ಉಂಟೇ? ಉಂಟು ಎಂದು ವಸಂತನೇ ಉತ್ಸಾಹದಿಂದ ಹೇಳಿದ. 1999ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದವರು ಸೆಟಿ ಅಟ್ ಹೋಮ್ ಎಂಬ ಯೋಜನೆ ಆರಂಭಿಸಿ, ಅನ್ಯಗ್ರಹದ ಜೀವಿಗಳ ಸಂಕೇತ ಹುಡುಕಲು ಜನರ ಬಿಡುವಿನ ಗಣಕಗಳನ್ನು ಕೇಳಿ ಪಡೆದರು. 2020ರವರೆಗೆ ಲಕ್ಷಾಂತರ ಜನ ಸಂತೋಷದಿಂದ ಕೊಟ್ಟರು. ಅದಕ್ಕೆ ವಿರುದ್ಧವಾಗಿ 2017ರಲ್ಲಿ ಬಂದ ಕಾಯಿನ್‌ಹೈವ್ ಎಂಬ ಸ್ಕ್ರಿಪ್ಟನ್ನು ಅನೇಕ ತಾಣಗಳು ಸದ್ದಿಲ್ಲದೆ ಸೇರಿಸಿಕೊಂಡು, ಪುಟ ನೋಡಲು ಬಂದವರ ಪ್ರೊಸೆಸರಿನಲ್ಲಿ ಮೊನೆರೊ ಎಂಬ ಡಿಜಿಟಲ್ ನಾಣ್ಯವನ್ನು ಅಗೆದುಕೊಂಡವು. 2019ರಲ್ಲಿ ಅದು ಬಾಗಿಲು ಹಾಕಿತು.

"ಹಾಗಾದರೆ ಸಿಗದ ಅನ್ಯಗ್ರಹ ಜೀವಿಗೆ ಕೊಡಲು ಸಿದ್ಧರಿದ್ದ ಜನ, ಕಣ್ಣೆದುರಿನ ಮನುಷ್ಯ ಕೇಳದೆ ತೆಗೆದುಕೊಂಡರೆ ಮಾತ್ರ ಸಿಟ್ಟಾದರು. ಇದರಲ್ಲಿ ನನಗೇನೂ ವಿಚಿತ್ರ ಕಾಣುವುದಿಲ್ಲ" ಎಂದರು ರಾಯರು.

ಮಾಲಿನಿ ಮಾತ್ರ ಈ ಸಾಧನ ಬರೆದವನ ಪರವಾಗಿಯೂ ಎರಡು ಮಾತು ಆಡಿದಳು, ಮತ್ತು ಅವಳು ಆಡಿದ್ದರಿಂದ ನಾವು ಕೇಳಿಸಿಕೊಂಡೆವು. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಹೊರಬಿದ್ದಾಗ, ಅಂತರ್ಜಾಲದ ಬೀಗದ ಕೆಲಸ ಮಾಡುತ್ತಿದ್ದ ಓಪನ್‌ಎಸ್‌ಎಸ್‌ಎಲ್ ತಂಡಕ್ಕೆ ವರ್ಷವೊಂದಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರ್ ಎಂದು ಜಗತ್ತಿಗೆ ಗೊತ್ತಾಯಿತು. 2019ರಲ್ಲಿ ಜಾವಾಸ್ಕ್ರಿಪ್ಟಿನ ಸ್ಟ್ಯಾಂಡರ್ಡ್ ಎಂಬ ಲೈಬ್ರರಿಯವರು ಇನ್‌ಸ್ಟಾಲ್ ಮಾಡುವಾಗ ಟರ್ಮಿನಲ್ಲಿನಲ್ಲಿ ಜಾಹೀರಾತು ತೋರಿಸಿ ನಾಲ್ಕು ಕಾಸು ಸಂಪಾದಿಸಲು ನೋಡಿದಾಗ ಎಲ್ಲರೂ ಮೇಲೆ ಬಿದ್ದು ನಿಲ್ಲಿಸಿದರು. "ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬುದು ನಮ್ಮ ಇಡೀ ಲೋಕದ ಲೈಸೆನ್ಸು. ಒಬ್ಬ ಕೋಡಂಗಿ ಒಂದು ದಿನ ಈರಭದ್ರನಾಗಲು ಹೊರಟರೆ ನನಗೆ ಕೋಪ ಬರುವುದಿಲ್ಲ, ಆದರೆ ಅವನು ವೇಷ ಹಾಕಿದ್ದು ಕತ್ತಲೆಯಲ್ಲಿ" ಎಂದಳು.

ಅವಳ ನಿಜವಾದ ಕೋಪ ಬೇರೆಯದೇ ಆಗಿತ್ತು. ಯಂತ್ರಗಳು ಬರೆದ ಕಳಪೆ ವರದಿಗಳ ಹಾವಳಿ ತಡೆಯಲಾರದೆ ಅಂತರ್ಜಾಲದಲ್ಲಿ ಮಾಹಿತಿ ಸಾಗಿಸುವ ಕರ್ಲ್ ಎಂಬ ಮುಕ್ತ ಸಾಧನದವರು 2026ರ ಜನವರಿಯ ಕೊನೆಗೆ, ಭದ್ರತಾ ದೋಷ ತೋರಿಸಿಕೊಟ್ಟವರಿಗೆ ಕೊಡುತ್ತಿದ್ದ ತಮ್ಮ ಬಹುಮಾನ ಯೋಜನೆಯನ್ನೇ ನಿಲ್ಲಿಸಿದ್ದಾರೆ. ಅವಳ ಪುಟ್ಟ ಲೈಬ್ರರಿಗೂ ವಾರಕ್ಕೆ ಇಂಥ ಹತ್ತಾರು ಕೊಡುಗೆಗಳು ಬರುತ್ತವೆಯಂತೆ. "ಯೋಜನೆಗಳನ್ನು ನೋಡಿಕೊಳ್ಳುವ ಉಳಿದ ಮೇಂಟೇನರುಗಳೆಲ್ಲ ಬಾಗಿಲು ಹಾಕಿಕೊಳ್ಳುತ್ತಿರುವಾಗ, ಈತ ಜನರ ಜೇಬಿನಿಂದಲೇ ಹಣ ತೆಗೆದು ತನ್ನ ಬಾಗಿಲಿಗೆ ತಾನೇ ದಿಬ್ಬಣ ತರಿಸಿಕೊಳ್ಳುತ್ತಿದ್ದಾನೆ!"

ಹೆಸರಿನ ಪ್ರಶ್ನೆಗೆ ಬಂದಾಗ ನಗು ಸ್ವಲ್ಪ ತಗ್ಗಿತು. ಶ್ರೀಧರನ ಪುಲ್ ರಿಕ್ವೆಸ್ಟಿನ ಕೊನೆಯಲ್ಲಿ "ಸೈನ್ಡ್ ಆಫ್ ಬೈ" ಎಂದು ಅವನ ಹೆಸರು, ವಿಳಾಸ ಎರಡೂ ಇದ್ದವು. ಅದು ಬರೀ ಅಲಂಕಾರವಲ್ಲ. ಲಿನಕ್ಸ್ ಕರ್ನಲ್ಲಿನವರು 2004ರಲ್ಲಿ ತಂದ ಪದ್ಧತಿಯ ಪ್ರಕಾರ ಆ ಸಾಲು, "ಈ ಕೋಡನ್ನು ಕೊಡುವ ಹಕ್ಕು ನನಗಿದೆ" ಎಂಬ ಪ್ರಮಾಣ. ಶ್ರೀಧರ ಗೊರಕೆ ಹೊಡೆಯುತ್ತ ಪ್ರಮಾಣವಚನ ಸ್ವೀಕರಿಸಿದ್ದ. ಅವನು ನೌಕರಿಗೆ ಸೇರುವಾಗ, ಬರೆದ ಕೋಡೆಲ್ಲ ಕಂಪನಿಯದು ಎಂದು ಬೇರೆ ಸಹಿ ಮಾಡಿದ್ದಾನೆ.

"ಮತ್ತು ಇದನ್ನೇ ಕೆಟ್ಟವರು ಮಾಡಿದರೆ?" ಎಂದು ಮಾಲಿನಿ ಕೇಳಿದಳು. 2025ರ ಆಗಸ್ಟಿನಲ್ಲಿ ಹಾಗೆಯೇ ಆಯಿತು. ಕೋಡನ್ನು ಓಡುವ ತಂತ್ರಾಂಶವಾಗಿ ಜೋಡಿಸಿಕೊಡುವ ಎನ್‌ಎಕ್ಸ್ ಎಂಬ ಜನಪ್ರಿಯ ಬಿಲ್ಡ್ ಸಾಧನದ ಕೆಲವು ಆವೃತ್ತಿಗಳಲ್ಲಿ ದಾಳಿಕೋರರು ವಿಷ ಬೆರೆಸಿದರು. ಇನ್‌ಸ್ಟಾಲ್ ಆದೊಡನೆ ಓಡುವ ಸ್ಕ್ರಿಪ್ಟು, ಆ ಗಣಕದಲ್ಲಿ ಕ್ಲಾಡ್, ಜೆಮಿನಿ ಮುಂತಾದ ಏಜೆಂಟುಗಳಿವೆಯೇ ಎಂದು ನೋಡಿ, ಇದ್ದರೆ ಅವುಗಳಿಗೇ ಗುಟ್ಟಿನ ಕಡತಗಳನ್ನು ಹುಡುಕುವ ಕೆಲಸ ಒಪ್ಪಿಸುತ್ತಿತ್ತು. ಯಜಮಾನನ ಅನುಮತಿ ಕೇಳುವ ಗೋಜಿಗೆ ಹೋಗಬೇಡ ಎಂಬ ಆಯ್ಕೆಯನ್ನೂ ಜೊತೆಗೇ ಒತ್ತಿ ಕೊಡುತ್ತಿತ್ತು. ಸಿಕ್ಕಿದ್ದನ್ನು ಯಜಮಾನನದೇ ಗಿಟ್‌ಹಬ್ ಖಾತೆಯಲ್ಲಿ ಬಹಿರಂಗವಾಗಿ ಹರವಿತು.

"ಮನೆ ಕಾಯುವ ನಾಯಿಗೇ ತಿಜೋರಿ ಎಲ್ಲಿದೆ ತೋರಿಸು ಎಂದಂತಾಯಿತು" ಎಂದರು ರಾಯರು.

"ಅದು ಅಪರಾಧ, ಇದು ಅತ್ಯುತ್ಸಾಹ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ" ಎಂದ ವಸಂತ, ಈ ಸಲ ತುಸು ಮೆತ್ತಗೆ. ಅವನ ಮಾತು ಸರಿಯೇ. ಆದರೆ ಮಲಗಿದ್ದವನು ಬೆಳಿಗ್ಗೆ ಎದ್ದು ದಾಖಲೆ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ: ಯಾರೋ ಬಂದಿದ್ದರು, ನನ್ನ ಏಜೆಂಟಿಗೆ ಕೆಲಸ ಹೇಳಿದರು, ನನ್ನ ಹೆಸರಿನಲ್ಲಿ ಏನೋ ಕಳುಹಿಸಿ ಹೋದರು.

ವಸಂತನೇ ಆಮೇಲೆ ಒಂದು ಒಳ್ಳೆಯ ನಿದರ್ಶನವನ್ನು ನೆನಪಿಸಿದ್ದರಿಂದ ಅವನಿಗೆ ಸಲ್ಲಬೇಕಾದ್ದು ಸಲ್ಲಲಿ. 2023ರಲ್ಲಿ ಗೋ ಭಾಷೆಯ ತಂಡದವರು ಬಳಕೆಯ ಅಂಕಿ ಅಂಶಗಳನ್ನು, ಬೇಡ ಎಂದವರನ್ನು ಬಿಟ್ಟು ಉಳಿದವರೆಲ್ಲರಿಂದ ಸಂಗ್ರಹಿಸುವ ಪ್ರಸ್ತಾಪ ಇಟ್ಟರು. ಬಳಕೆದಾರರು ಗದ್ದಲ ಎಬ್ಬಿಸಿದ ಮೇಲೆ ಅದನ್ನು ತಿರುವಿ, ಬೇಕು ಎಂದವರಿಂದ ಮಾತ್ರ ಎಂದು ಬದಲಿಸಿಕೊಂಡರು. ಯಾರ ಗಂಟೂ ಹೋಗಲಿಲ್ಲ.

"ನಮ್ಮ ಭಾಷೆಯಲ್ಲಿ ಬಿಟ್ಟಿ ಎಂಬ ಪದವಿದೆ" ಎಂದು ರಾಯರು ಕುರ್ಚಿಯಲ್ಲಿ ಹಿಂದಕ್ಕೊರಗಿದರು. ಸಂಸ್ಕೃತದ ವಿಷ್ಟಿಯಿಂದ ಬಂದದ್ದು, ಕೂಲಿ ಕೊಡದೆ ಬಲವಂತವಾಗಿ ಮಾಡಿಸುವ ಕೆಲಸ ಎಂಬುದು ಅದರ ಮೂಲ ಅರ್ಥ. ಬರುಬರುತ್ತ ಪುಕ್ಕಟೆ ಸಿಕ್ಕಿದ್ದಕ್ಕೂ ಅದೇ ಹೆಸರಾಯಿತು. "ಬಿಟ್ಟಿ ಸಿಕ್ಕಿತೆಂದು ಇಳಿಸಿಕೊಂಡೆ, ಬಿಟ್ಟಿ ಮಾಡಿದೆ. ಒಂದೇ ಪದದೊಳಗೆ ನಿನ್ನ ಇಡೀ ಶನಿವಾರ ರಾತ್ರಿ ಅಡಗಿದೆ."

ಕೊನೆಗೆ ಒಂದು ದೂರು ಬರೆಯುವುದೆಂದು ತೀರ್ಮಾನವಾಯಿತು. ಬೇಡಿಕೆ ಸರಳ: ಕರ್ಸರಿನ ಪ್ರಶ್ನೆಯ ಪಕ್ಕದಲ್ಲೇ ಇನ್ನೊಂದು ಪ್ರಶ್ನೆ ಕೇಳಿ, ಖರ್ಚಿನ ಗರಿಷ್ಠ ಮಿತಿಯನ್ನೂ ಅಲ್ಲೇ ಬರೆಸಿಕೊಳ್ಳಿ, ಉತ್ತರ ಬರುವವರೆಗೆ 140ನೆಯ ಸಾಲಿನಲ್ಲಿ "ಫಾಲ್ಸ್" ಎಂದಿರಲಿ. ಟೋಕನ್ ಮುಗಿದಿದ್ದರಿಂದ ಶ್ರೀಧರ ಬಹಳ ದಿನಗಳ ನಂತರ ತನ್ನ ಕೈಯಿಂದಲೇ ಇಂಗ್ಲಿಷ್ ಬರೆದ. ಎರಡು ಕಡೆ ಕಾಗುಣಿತ ತಪ್ಪಿದಾಗ, ಅದನ್ನು ತಿದ್ದುವ ಏಜೆಂಟ್ ನಿನ್ನೆ ಬೇರೆಯವರ ಕಾಗುಣಿತ ತಿದ್ದಿ ದಣಿದಿದೆ ಎಂದು ಸಮಾಧಾನ ಹೇಳಿದೆವು.

ಕಳುಹಿಸುವ ಮೊದಲು, ಇದೇ ದೂರನ್ನು ಬೇರೆ ಯಾರಾದರೂ ಕೊಟ್ಟಿದ್ದಾರೆಯೇ ನೋಡು ಎಂದಳು ಮಾಲಿನಿ. ಕೊಟ್ಟಿದ್ದರು. ಅಪರಿಚಿತನೊಬ್ಬ ವಾರದ ಹಿಂದೆಯೇ ಇದೇ ಸಂಕಟವನ್ನು ತೋಡಿಕೊಂಡಿದ್ದ. ಇವತ್ತು ಬೆಳಿಗ್ಗೆ ಮೇಂಟೇನರ್ ಆ ದೂರನ್ನು ಮುಚ್ಚಿ, ಇನ್ನೊಬ್ಬ ಬಳಕೆದಾರರೇ ಕೂಲಂಕಷವಾಗಿ ಪರಿಶೀಲಿಸಿ "ಇದು ದೋಷವಲ್ಲ, ಸ್ವಾಗತಾರ್ಹ ಸೌಲಭ್ಯ" ಎಂದು ಅಭಿಪ್ರಾಯ ಕೊಟ್ಟಿರುವುದರಿಂದ ಚರ್ಚೆ ಮುಗಿದಿದೆ ಎಂದು ಬರೆದಿದ್ದರು. ಆ ಅಭಿಪ್ರಾಯ ಬಂದದ್ದು ಬೆಳಗಿನ ಜಾವ 2 ಗಂಟೆ 51 ನಿಮಿಷಕ್ಕೆ. ಅದರ ಪಕ್ಕದಲ್ಲಿ ಶ್ರೀಧರನ ನಗುಮುಖದ ಚಿತ್ರವಿತ್ತು.

ರಾಯರು ಪರದೆಯ ಹತ್ತಿರಕ್ಕೆ ಬಾಗಿ ನೋಡಿ, "ಸಹಿ ನಿನ್ನದೇ ತಾನೇ?" ಎಂದು ಕೇಳಿದರು.