ನಾಲ್ಕನೇ ವಾರ ಬಂತು ಅಂದ್ರೆ ಮಗನಿಗೆ ಮತ್ತೆ ಹುಷಾರಿಲ್ಲ, ಡ್ರಿಪ್‌ನಲ್ಲಿ ಕೊಡೋ ಆಂಟಿಬಾಡಿ (ಐವಿಐಜಿ) ಪವರ್ ಇಳಿದುಹೋಗುತ್ತಾ?

ಪುಟ್ಟನಮ್ಮ:
ಎಲ್ರಿಗೂ ನಮಸ್ಕಾರ. ಮಗನಿಗೆ 2 ವರ್ಷ 4 ತಿಂಗಳು. ಏಳು ತಿಂಗಳ ತನಕ ಒಂದು ನೆಗಡೀನೂ ಇರ್ಲಿಲ್ಲ, ಆಮೇಲೆ ಶುರುವಾಯ್ತು ನೋಡಿ, ಕಿವಿ ಸೋರೋದು, ಎರಡು ಸಲ ನ್ಯುಮೋನಿಯಾ, ಆಂಟಿಬಯೋಟಿಕ್ ನಿಲ್ಲಿಸಿದ ವಾರಕ್ಕೇ ಮತ್ತೆ ಜ್ವರ. ಒಬ್ರು ಡಾಕ್ಟ್ರು ಮಕ್ಕಳಂದ್ಮೇಲೆ ಇದೆಲ್ಲ ಇದ್ದಿದ್ದೇ ಅಂತ ಕಳಿಸಿದ್ರು. ಇನ್ನೊಬ್ರು ಟಾರ್ಚ್ ಹಾಕಿ ಗಂಟಲು ನೋಡಿ "ಟಾನ್ಸಿಲ್ಲೇ ಕಾಣ್ತಿಲ್ವಲ್ಲ" ಅಂದ್ರು, ಅಲ್ಲಿಂದ ಗೊತ್ತಾಗಿದ್ದು. ಐಜಿಜಿ (ಸೋಂಕು ತಡೆಯೋ ಮುಖ್ಯ ಆಂಟಿಬಾಡಿ) 100ಕ್ಕಿಂತ ಕಮ್ಮಿ, ಆಂಟಿಬಾಡಿ ತಯಾರಿಸೋ ಬಿ ಸೆಲ್ ಹೆಚ್ಚುಕಮ್ಮಿ ಸೊನ್ನೆ, ಜೀನ್ ಟೆಸ್ಟಲ್ಲಿ ಬಿಟಿಕೆ ಅನ್ನೋ ಜೀನ್‌ದು ತೊಂದರೆ. ಎಕ್ಸ್‌ಎಲ್‌ಎ ಅಂತ ಹೆಸರು, ಮೈಯಲ್ಲಿ ಆಂಟಿಬಾಡಿನೇ ತಯಾರಾಗದ ಹುಟ್ಟು ಕಾಯಿಲೆ.

4 ವಾರಕ್ಕೊಂದ್ಸಲ ಐವಿಐಜಿ, ಇಲ್ಲಿವರೆಗೆ 5 ಆಗಿದೆ. ಮೂರು ವಾರ ಮನೆಯೆಲ್ಲಾ ಕುಣಿದಾಡ್ತಾನೆ, ನಾಲ್ಕನೇ ವಾರ ಮಂಕಾಗಿ ಹೆಗಲ ಮೇಲೇ ಒರಗಿರ್ತಾನೆ, ಹಳದಿ ಸಿಂಬಳ, ರಾತ್ರಿ ಕೆಮ್ಮು. ಇದು ಸರಿನಾ? ಜೀವನಪೂರ್ತಿ ಹೀಗೇನಾ? ಇನ್ನೊಂದು, ನನ್ನ ತಮ್ಮ ಮೂರು ವರ್ಷಕ್ಕೇ ನ್ಯುಮೋನಿಯಾದಲ್ಲಿ ಹೋಗಿಬಿಟ್ಟ, ಯಾಕೆ ಅಂತ ಆಗ ಯಾರಿಗೂ ತಿಳೀಲಿಲ್ಲ. ನಮ್ಮ ಕಡೆಯಿಂದ್ಲೇ ಬಂದಿದ್ದು ಅಂತ ಅತ್ತೆ ದಿನಾ ಅಂತಾರೆ. ದೊಡ್ಡ ಮಗಳಿಗೇನೂ ಇಲ್ಲ, ಚೆನ್ನಾಗಿದಾಳೆ.

ಸೂಜಿಗೆ ಹೆದರದವನು:
ಅಕ್ಕಾ, ನಂದೂ ಅದೇ ಕಾಯಿಲೆ, 26 ವರ್ಷದಿಂದ ಇದ್ರ ಮೇಲೇ ಇದೀನಿ, ಕೆಲಸಕ್ಕೆ ಹೋಗ್ತೀನಿ, ಗಾಡಿ ಓಡಿಸ್ತೀನಿ. ಹೌದು, ಜೀವನಪೂರ್ತಿ. ಮೊದಮೊದಲು ಕಷ್ಟ ಅನ್ಸುತ್ತೆ, ಆಮೇಲೆ ಕ್ಷೌರಕ್ಕೆ ಹೋಗಿಬಂದಂಗೆ.

ನಾಲ್ಕನೇ ವಾರದ ಮಂಕು ನಂಗೆ ಚೆನ್ನಾಗಿ ಗೊತ್ತು. ಹಾಕಿದ ಐಜಿಜಿ ಸುಮಾರು 3 ವಾರಕ್ಕೆ ಅರ್ಧಕ್ಕೆ ಇಳಿಯುತ್ತೆ. ಅದಕ್ಕೇ ಮುಂದಿನ ಸಲ ಡ್ರಿಪ್ ಹಾಕೋಕ್ ಮುಂಚೆನೇ ರಕ್ತ ತೆಗೆದು ಐಜಿಜಿ ನೋಡಿ ಅಂತ ಕೇಳಿ, ಟ್ರಫ್ ಅಂತಾರೆ ಅದನ್ನ. ಡ್ರಿಪ್ ಆದ್ಮೇಲೆ ತೆಗೆದ್ರೆ ನಂಬರ್ ಚೆಂದ ಬರುತ್ತೆ, ಉಪಯೋಗ ಇಲ್ಲ. ಡೋಸ್ ತೂಕದ ಲೆಕ್ಕ, ಸಾಮಾನ್ಯವಾಗಿ ಕೆಜಿಗೆ 400ರಿಂದ 600 ಮಿಲಿಗ್ರಾಂ, ಮಗು ತೂಕ ಏರಿದ್ರೂ ಹಳೇ ಡೋಸೇ ನಡೀತಿರುತ್ತೆ ಎಷ್ಟೋ ಸಲ, ಅದನ್ನೂ ನೋಡಿಸಿ. ಡೋಸ್ ಜಾಸ್ತಿ ಮಾಡ್ಬಹುದು ಇಲ್ಲಾ 3 ವಾರಕ್ಕೊಂದು ಮಾಡ್ಬಹುದು. ಎಷ್ಟಿದ್ರೆ ಸಾಕು ಅನ್ನೋದು ಒಬ್ಬೊಬ್ರಿಗೆ ಒಂದೊಂದು, ಮಗು ಹುಷಾರಾಗಿರೋ ನಂಬರೇ ಅವನ ನಂಬರ್. ಒಂದು ನೋಟ್‌ಬುಕ್ಕಲ್ಲಿ ತಾರೀಖು, ತೂಕ, ಬಾಟಲಿ ಬ್ಯಾಚ್ ನಂಬರ್, ಜ್ವರ ಯಾವ ದಿನ ಎಲ್ಲ ಬರೆದಿಡಿ. "ಆಗಾಗ ಹುಷಾರಿರಲ್ಲ" ಅಂದ್ರೆ ಯಾರೂ ಕೇಳಲ್ಲ, "22ನೇ ದಿನದಿಂದ" ಅಂದ್ರೆ ಕೇಳ್ತಾರೆ.

ನಾನೀಗ ವಾರಕ್ಕೊಂದ್ಸಲ ಹೊಟ್ಟೆ ಚರ್ಮದಡಿ ನಾನೇ ಹಾಕ್ಕೋತೀನಿ. ನಿಂಬೆಹಣ್ಣಿನಷ್ಟು ಊದುತ್ತೆ, ಮಾರನೇ ದಿನಕ್ಕೆ ಕರಗುತ್ತೆ. ಏರಿಳಿತ ಇಲ್ಲ, ಆ ಕೊನೇ ವಾರದ ಮಂಕೂ ಇಲ್ಲ. ತಮಾಷೆ ಅಂದ್ರೆ 1952ರಲ್ಲಿ ಬ್ರೂಟನ್ ಅನ್ನೋ ಡಾಕ್ಟ್ರು ಈ ಕಾಯಿಲೆ ಮೊದಲು ಗುರುತಿಸಿ 8 ವರ್ಷದ ಹುಡುಗನಿಗೆ ಕೊಟ್ಟಿದ್ದೂ ಚರ್ಮದಡಿಗೇ.

ಅನಾಮಿಕ:
ನಮ್ಮ ಮಗಳಿಗೆ ಸ್ಕಿಡ್ (ಇದೂ ಹುಟ್ಟಿನಿಂದ್ಲೇ ರೋಗನಿರೋಧಕ ಶಕ್ತಿ ಇಲ್ಲದ ಕಾಯಿಲೆ) ಇತ್ತು, ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ (ಅಸ್ಥಿಮಜ್ಜೆ ಕಸಿ) ಮಾಡಿಸಿದ್ವಿ, ಈಗ ಏನೂ ಇಲ್ಲ. ನೀವೂ ಮಾಡಿಸಿಬಿಡಿ, ಈ ತಿಂಗಳ ತಾಪತ್ರಯ ತಪ್ಪುತ್ತೆ.

ವಾರ್ಡ್ ಸಿಸ್ಟರ್:
ಅನಾಮಿಕ ಅವ್ರೇ, ಮಗಳು ಚೆನ್ನಾಗಿದಾಳೆ ಅಂತ ಕೇಳಿ ಖುಷಿಯಾಯ್ತು, ಆದ್ರೆ ಎರಡೂ ಒಂದೇ ಅಲ್ಲ. ಸ್ಕಿಡ್‌ನಲ್ಲಿ ಟಿ ಸೆಲ್ಲೇ (ಸೋಂಕಿನ ವಿರುದ್ಧ ಹೋರಾಡೋ ಇನ್ನೊಂದು ಥರದ ರಕ್ತಕಣ) ಇರಲ್ಲ, ಅಲ್ಲಿ ಟ್ರಾನ್ಸ್‌ಪ್ಲಾಂಟ್ ಬೇಗ ಮಾಡದಿದ್ರೆ ಮಗು ಉಳಿಯೋದು ಕಷ್ಟ. ಎಕ್ಸ್‌ಎಲ್‌ಎನಲ್ಲಿ ಟಿ ಸೆಲ್ ಇರುತ್ತೆ, ಆಂಟಿಬಾಡಿ ಮಾತ್ರ ಇಲ್ಲ, ಅದನ್ನ ಹೊರಗಿಂದ ಕೊಡಬಹುದು. ಹಾಗಾಗಿ ಟ್ರಾನ್ಸ್‌ಪ್ಲಾಂಟ್ ಅಪಾಯಕ್ಕೆ ಸಾಮಾನ್ಯವಾಗಿ ಕೈ ಹಾಕಲ್ಲ.

ಪುಟ್ಟನಮ್ಮ, ಪೋಲಿಯೋ ಹನಿ ಮಗನಿಗೆ ಯಾವತ್ತೂ ಬೇಡ, ಅದ್ರಲ್ಲಿರೋದು ಜೀವಂತ ವೈರಸ್. ಮಗಳಿಗೂ ಹನಿ ಬೇಡ, ಇಂಜೆಕ್ಷನ್ ಪೋಲಿಯೋನೇ ಹಾಕಿಸಿ, ಹನಿ ಹಾಕಿಸ್ಕೊಂಡ ಮಗುವಿನ ಮಲದಲ್ಲಿ ವಾರಗಟ್ಟಲೆ ವೈರಸ್ ಹೋಗುತ್ತೆ, ಅದು ನಿಮ್ಮ ಮಗನಿಗೆ ತಗಲಬಹುದು. ಮತ್ತೆ ಅವನಿಗೆ ಯಾವುದಾದ್ರೂ ಆಂಟಿಬಾಡಿ ಟೆಸ್ಟ್ ಪಾಸಿಟಿವ್ ಬಂದ್ರೆ ಗಾಬರಿ ಆಗ್ಬೇಡಿ, ಅದು ಪ್ಲಾಸ್ಮಾ ಕೊಟ್ಟ ಸಾವಿರಾರು ಜನರದ್ದು. ಕೆಮ್ಮು ಹೀಗೇ ಎಳೀತಿದ್ರೆ ಶ್ವಾಸಕೋಶ ಚೆಕ್ ಮಾಡಿಸಿ, ಶ್ವಾಸನಾಳ ಒಂದ್ಸಲ ಹಿಗ್ಗಿ ಕೆಟ್ಟರೆ ವಾಪಸ್ ಮೊದಲಿನಂಗೆ ಆಗಲ್ಲ.

ಅತ್ತೆ ಮಾತು ಬಿಡಿ. ಜೀನ್ ಬಂದಿರೋದು ನಿಮ್ಮ ಕಡೆಯಿಂದ್ಲೇ ಇರ್ಬೇಕು, ನಿಮ್ಮ ತಮ್ಮನ ಕಥೆ ಕೇಳಿದ್ರೆ ಹಾಗನ್ಸುತ್ತೆ, ಆದ್ರೆ ಅದು ತಪ್ಪು ಹೇಗಾಗುತ್ತೆ? ನೀವು ಕ್ಯಾರಿಯರ್ (ಕಾಯಿಲೆ ಇಲ್ಲದಿದ್ರೂ ಆ ಜೀನ್ ಹೊತ್ತಿರೋರು) ಆಗಿದ್ರೆ ಮುಂದೆ ಹುಟ್ಟೋ ಪ್ರತಿ ಗಂಡುಮಗುವಿಗೂ ಅರ್ಧಕ್ಕರ್ಧ ಚಾನ್ಸ್. ಮಗಳೂ ಕ್ಯಾರಿಯರ್ ಆಗಿರಬಹುದು, ಅವಳು ದೊಡ್ಡವಳಾದ್ಮೇಲೆ ಟೆಸ್ಟ್ ಬಗ್ಗೆ ಮಾತಾಡಿ, ಈಗ್ಲೇ ತಲೆ ಕೆಡಿಸ್ಕೋಬೇಡಿ.

ಪುಟ್ಟನಮ್ಮ:
ಈಗ್ಲೇ ಹಳೇ ಚೀಟಿ ತೆಗೆದು ನೋಡಿದೆ. ಮೊದಲ ಡೋಸಿನ ದಿನ 9 ಕೆಜಿ 200 ಗ್ರಾಂ, ಹೋದ ವಾರ 11 ಕೆಜಿ. ಡೋಸ್ ಅಷ್ಟೇ ಇದೆ. ಸೋಮವಾರ ಲೈನ್ ಹಾಕೋಕ್ ಮುಂಚೆ ರಕ್ತ ತೆಗೀರಿ ಅಂತ ಕೂತ್ಕೊಂಡು ಕೇಳ್ತೀನಿ.